ಗೋಡೆಯ ಮೇಲಿರುವುದು ಅರ್ಧ ವಚನ

(ಕರಾವಳಿಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯ ಹೆತ್ತವರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ವಂದನೆಗಳು. ಊಟಕ್ಕೆ ಮುಂಚೆ ಮಾತಾಡುವವರಿಗೆ ಒಂದು ಅನುಕೂಲ ಇದೆ, ಯಾರೂ ನಿದ್ದೆ ಮಾಡುವುದಿಲ್ಲ. ಒಂದು ತೊಂದರೆಯೂ ಇದೆ, ಎಲ್ಲರ ಮೂಗೂ ಅಡುಗೆ ಕಡೆಗಿರುತ್ತದೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ನಮ್ಮವರ ಯಾರ ಮನೆಗೆ ಹೋದರೂ ಹಾಲ್‌ನಲ್ಲಿ ಒಂದು ಬೈಬಲ್ ವಚನ ತೂಗುಹಾಕಿರುತ್ತದೆ. ‘ನಾನೂ ನನ್ನ ಮನೆಯವರೂ ಯೆಹೋವನನ್ನೇ ಸೇವಿಸುವೆವು.’ ಯೆಹೋಶುವ 24:15. ಮನೆ ಪ್ರತಿಷ್ಠೆಗೆ ಉಡುಗೊರೆಯಾಗಿ ಬಂದು ಎರಡು ಮೂರು ಸೇರಿಕೊಂಡ ಮನೆಗಳೂ ಉಂಟು. ಬಹಳ ಒಳ್ಳೆಯ ವಚನ. ಆದರೆ ಅದು ಪೂರ್ತಿ ವಚನ ಅಲ್ಲ, ಕೊನೆಯ ಭಾಗ ಮಾತ್ರ. ಮೊದಲ ಭಾಗವನ್ನು ಯಾರೂ ಹಲಗೆಯ ಮೇಲೆ ಬರೆಸುವುದಿಲ್ಲ. ಅಲ್ಲಿ ಮೋಶೆಯ ನಂತರ ಇಸ್ರಾಯೇಲರ ನಾಯಕನಾದ ಯೆಹೋಶುವನು ಜನರಿಗೆ ಹೇಳುತ್ತಾನೆ: ಯೆಹೋವನ ಸೇವೆ ನಿಮಗೆ ಇಷ್ಟವಿಲ್ಲದಿದ್ದರೆ ಯಾರನ್ನು ಸೇವಿಸುತ್ತೀರೋ ಇವತ್ತೇ ಆರಿಸಿಕೊಳ್ಳಿ. ನದಿಯಾಚೆ ನಿಮ್ಮ ಹಿರಿಯರು ಪೂಜಿಸಿದ ದೇವರುಗಳಿದ್ದಾರೆ, ಈ ನಾಡಿನವರ ದೇವರುಗಳೂ ಇದ್ದಾರೆ. ಹೀಗೆ ಹೇಳಿದ ಮೇಲೆ ‘ನಾನೂ ನನ್ನ ಮನೆಯವರೂ’ ಅನ್ನುವ ಮಾತು ಬರುತ್ತದೆ.

ಜನ ತಕ್ಷಣ ‘ನಾವೂ ಸೇವಿಸುತ್ತೇವೆ’ ಅಂದರು. ಆಗ ಯೆಹೋಶುವ ಖುಷಿಪಟ್ಟು ಆಮೆನ್ ಹೇಳಬೇಕಿತ್ತು ಅಲ್ವಾ? ಅವನು ಹೇಳಿದ್ದು ಬೇರೆ: ನಿಮ್ಮಿಂದ ಆಗುವುದಿಲ್ಲ, ಆತನು ಪರಿಶುದ್ಧನಾದ ದೇವರು. ಇನ್ನೊಂದು ಸಲ ಯೋಚನೆ ಮಾಡಿ ಎಂದ ಹಾಗೆ. ಇಷ್ಟೆಲ್ಲ ಆದಮೇಲೂ ನ್ಯಾಯಸ್ಥಾಪಕರು 2:10ಕ್ಕೆ ಬಂದರೆ ಏನಿದೆ? ಆ ತಲೆಮಾರು ತೀರಿಕೊಂಡ ಮೇಲೆ ಯೆಹೋವನನ್ನು ಅರಿಯದ ಇನ್ನೊಂದು ತಲೆಮಾರು ಎದ್ದಿತು. ಯೆಹೋಶುವನ ಸ್ವಂತ ಮಕ್ಕಳು ಏನಾದರು? ಬೈಬಲ್ ಅವರ ಹೆಸರನ್ನೂ ಹೇಳುವುದಿಲ್ಲ.

ಇಷ್ಟು ಯಾಕೆ ಹೇಳಿದೆ ಅಂದರೆ, ಮಕ್ಕಳ ನಂಬಿಕೆ ಅಂದ ಕೂಡಲೇ ನಾವು ‘ಹೇಗೆ ಉಳಿಸಿಕೊಳ್ಳುವುದು’ ಎಂದು ಕೇಳುತ್ತೇವೆ. ನಮ್ಮ ಮನೆಯಿಂದ, ನಮ್ಮ ಸಭೆಯಿಂದ ಹೊರಗೆ ಹೋಗದ ಹಾಗೆ ಹೇಗೆ ನೋಡಿಕೊಳ್ಳುವುದು ಅಂತ. ನನ್ನ ಮನಸ್ಸಿನಲ್ಲಿರುವ ಪ್ರಶ್ನೆ ಸ್ವಲ್ಪ ಬೇರೆ. ಮಗು ಒಂದು ದಿನ ತಾನಾಗಿ ‘ಹೌದು’ ಅನ್ನಬೇಕಾದರೆ ಅದಕ್ಕೆ ‘ಇಲ್ಲ’ ಅನ್ನುವ ಜಾಗವೂ ಮನೆಯಲ್ಲಿರಬೇಕು. ಆ ಜಾಗ ನಮ್ಮ ಮನೆಗಳಲ್ಲಿ ಇದೆಯಾ?

‘ನಾವು ಐದನೇ ತಲೆಮಾರಿನ ಕ್ರೈಸ್ತರು’ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತಪ್ಪೇನಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆದರೆ ನಮ್ಮ ಮೊದಲನೇ ತಲೆಮಾರನ್ನು ಸ್ವಲ್ಪ ನೆನಪಿಸಿಕೊಳ್ಳಿ. ಅವರಲ್ಲಿ ತುಂಬಾ ಜನಕ್ಕೆ ಮನೆಯ ಬಾಗಿಲು ಮುಚ್ಚಿತು. ಕುಟುಂಬದ ಆಸ್ತಿಯ ಪಾಲು ಹೋಯಿತು, ಕುಲಕಸುಬು ಹೋಯಿತು. ಮಿಷನ್ನಿನವರು ನೇಯ್ಗೆ ಕಾರ್ಖಾನೆ ತೆರೆದದ್ದು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇದೇ ಕಾರಣಕ್ಕೆ. ಬಂದವರಿಗೆ ಹೊಟ್ಟೆಪಾಡು ಬೇಕಿತ್ತು.

ಆನಂದರಾವ್ ಕೌಂಡಿನ್ಯರ ಕತೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಅದೇ ಮಿಷನ್ನಿನ ಮೊಗ್ಲಿಂಗ್ ಪಾದ್ರಿಗಳ ಶಾಲೆಯ ಬ್ರಾಹ್ಮಣ ವಿದ್ಯಾರ್ಥಿ. 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಮನೆಯವರ ವಿರೋಧ ಎಷ್ಟಿದ್ದಿರಬಹುದು, ಲೆಕ್ಕ ಹಾಕಿ. ಮುಂದೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ವಾಪಸ್ ಬಂದರು. ಆ ಹುಡುಗನಿಗೆ ‘ನಮ್ಮ ಮನೆಯಲ್ಲಿ ಹೀಗೆ ನಡೆದುಕೊಂಡು ಬಂದಿದೆ’ ಅನ್ನುವ ಕಾರಣ ಇರಲಿಲ್ಲ. ಅವರ ಮನೆಯಲ್ಲಿ ನಡೆದುಕೊಂಡು ಬಂದದ್ದು ಬೇರೆಯೇ ಇತ್ತು. ನಮ್ಮ ಮಕ್ಕಳ ಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ. ಹುಟ್ಟಿದ ಕೆಲವೇ ತಿಂಗಳಲ್ಲಿ ರಿಜಿಸ್ಟರಿನಲ್ಲಿ ಹೆಸರು, ಹದಿನೈದರ ಸುಮಾರಿಗೆ ಕನ್ಫರ್ಮೇಶನ್ (ನಂಬಿಕೆಯನ್ನು ಸಭೆಯ ಮುಂದೆ ತಾನೇ ಒಪ್ಪಿಕೊಳ್ಳುವ ವಿಧಿ), ಆಮೇಲೆ ಯೂತ್ ಫೆಲೋಶಿಪ್. ಯಾವ ಹಂತದಲ್ಲೂ ಯಾರೂ ‘ನಿನಗೆ ಬೇಕಾ?’ ಅಂತ ಕೇಳಿರುವುದಿಲ್ಲ.

ಈಗ ಇನ್ನೊಂದು ಮನೆಯ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಮಗೆ ಹತ್ತಿರದ ಮನೆ.

1870ರ ದಶಕದ ಆರಂಭದಲ್ಲಿ ಮಂಗಳೂರಿನಲ್ಲಿ ಯೊಹಾನೆಸ್ ಹೆಸ್ಸೆ ಎಂಬ ಬಾಸೆಲ್ ಮಿಷನರಿ ಇದ್ದರು. ಆರೋಗ್ಯ ಕೆಟ್ಟು ಯೂರೋಪಿಗೆ ವಾಪಸ್ ಹೋದರು. ಅಲ್ಲಿ ಮರೀ ಗುಂಡರ್ಟ್ ಅವರನ್ನು ಮದುವೆಯಾದರು. ಈ ಮರೀ ಹುಟ್ಟಿದ್ದು 1842ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ಅವರ ತಂದೆ ಹೆರ್ಮನ್ ಗುಂಡರ್ಟ್. ನಮಗೆ ಕಿಟ್ಟೆಲ್ ಹೇಗೋ ಮಲಯಾಳಿಗಳಿಗೆ ಗುಂಡರ್ಟ್ ಹಾಗೆ, ನಿಘಂಟು ಮಾಡಿದವರು. ಅಂದರೆ ಅಪ್ಪ ಮಿಷನರಿ, ಅಜ್ಜ ಮಿಷನರಿ, ಅಮ್ಮ ಮಿಷನರಿಯ ಮಗಳು. ಮನೆಯಲ್ಲಿ ಬೆಳಗ್ಗೆ ಸಂಜೆ ಪ್ರಾರ್ಥನೆ, ವಚನ, ಹಾಡು. ಇಂಥ ಮನೆಯಲ್ಲಿ 1877ರಲ್ಲಿ ಒಬ್ಬ ಮಗ ಹುಟ್ಟಿದ.

ಚಿಕ್ಕಂದಿನಿಂದಲೇ ಹಟಮಾರಿ. ಆರೇಳು ವರ್ಷದವನಿದ್ದಾಗ ಹೆತ್ತವರಿಗೆ ಸಾಕಾಗಿ ಮಿಷನ್ನಿನ ಹುಡುಗರ ಹಾಸ್ಟೆಲಿನಲ್ಲಿ ಬಿಟ್ಟರು, ಭಾನುವಾರ ಮಾತ್ರ ಮನೆಗೆ. ಅವನೂ ಪಾದ್ರಿಯಾಗಬೇಕು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. 1891ರಲ್ಲಿ ಮೌಲ್‌ಬ್ರಾನ್ ಎಂಬ ಊರಿನ ಸೆಮಿನರಿಗೆ ಸೇರಿಸಿದರು. ಮುಂದಿನ ಮಾರ್ಚ್‌ನಲ್ಲಿ ಹುಡುಗ ಅಲ್ಲಿಂದ ಓಡಿಹೋದ. ಒಂದು ರಾತ್ರಿ ಚಳಿಯಲ್ಲಿ ಹೊರಗೇ ಕಳೆದ. ಆಮೇಲೆ ಪ್ರಾರ್ಥನೆಯಿಂದ ಸರಿಹೋಗಲಿ ಎಂದು ಹೆಸರಾಂತ ಪಾದ್ರಿಯೊಬ್ಬರ ಬಳಿ ಕಳಿಸಿದರು. ಪರಿಸ್ಥಿತಿ ಇನ್ನೂ ಕೆಟ್ಟಿತು. ಅಲ್ಲಿಂದ ಮಾನಸಿಕ ಕಾಯಿಲೆಯವರನ್ನು ಇಡುವ ಸಂಸ್ಥೆಗೆ ಸೇರಿಸಿದರು. ಅಲ್ಲಿಂದ ಆ ಹದಿನೈದು ವರ್ಷದ ಹುಡುಗ ಅಪ್ಪನಿಗೆ ಒಂದು ಪತ್ರ ಬರೆದ. ‘ಪ್ರೀತಿಯ ಅಪ್ಪ’ ಎಂದು ಶುರುಮಾಡಲಿಲ್ಲ. ಆಫೀಸಿಗೆ ಅರ್ಜಿ ಬರೆಯುವ ಹಾಗೆ ‘ಮಾನ್ಯರೇ’ ಎಂದು ಶುರುಮಾಡಿದ.

ಆ ಹುಡುಗ ಹೆರ್ಮನ್ ಹೆಸ್ಸೆ. ಮುಂದೆ ಬುದ್ಧನ ಕಾಲದ ಭಾರತದ ಬಗ್ಗೆ ಕಾದಂಬರಿ ಬರೆದ, 1946ರಲ್ಲಿ ನೊಬೆಲ್ ಪಡೆದ ಲೇಖಕ. ಹೆತ್ತವರು ಬಯಸಿದ ದಾರಿಗೆ ಅವರು ಹಿಂತಿರುಗಲಿಲ್ಲ.

ಈ ಕತೆ ಕೇಳಿ ಕೆಲವರು, ಅತಿಯಾದ ಭಕ್ತಿಯಿಂದ ಹೀಗಾಯಿತು ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಅಪ್ಪ ಅಮ್ಮ ಕೆಟ್ಟವರಲ್ಲ, ಮಗನಿಗಾಗಿ ಅತ್ತವರು. ನಾನು ನೋಡುವುದು ಬೇರೆ ವಿಷಯ. ಹೆಸ್ಸೆ ಐವತ್ತು ದಾಟಿದ ಮೇಲೆ ತಮ್ಮ ನಂಬಿಕೆಯ ಬಗ್ಗೆ ಬರೆದರು. ಅಲ್ಲಿ ಹೆತ್ತವರನ್ನು ಬೈದಿಲ್ಲ. ಅವರ ಸಂಪ್ರದಾಯ ತಮಗೆ ಇಕ್ಕಟ್ಟಾಗಿತ್ತು ಅನ್ನುತ್ತಾರೆ. ಆದರೆ ತಂದೆತಾಯಿ, ಅಜ್ಜ ತಮ್ಮ ಬದುಕನ್ನು ದೇವರಿಂದ ಬಂದದ್ದು ಅಂತ ತಿಳಿದು ಸ್ವಾರ್ಥವಿಲ್ಲದೆ ಸೇವೆಗೆ ಕೊಟ್ಟರಲ್ಲ, ಅದನ್ನು ಕಣ್ಣಾರೆ ಕಂಡದ್ದು ತಮ್ಮ ಬಾಲ್ಯದ ಅತಿ ದೊಡ್ಡ ಆಸ್ತಿ ಎನ್ನುವ ಅರ್ಥದ ಮಾತು ಹೇಳುತ್ತಾರೆ. ಅಂದರೆ ಒತ್ತಾಯದಿಂದ ಕೊಟ್ಟದ್ದು ಹೋಯಿತು, ಒಂದು ಪತ್ರದಲ್ಲಿ ‘ಮಾನ್ಯರೇ’ ಆಯಿತು. ಅವನಿಗೆ ಕಲಿಸಬೇಕು ಅಂತ ಮಾಡದೆ, ಅವರು ಸುಮ್ನೆ ಬದುಕಿದ್ದು ಉಳಿಯಿತು.

ಇದನ್ನೇ ಅಂಕಿಅಂಶಗಳಲ್ಲಿ ನೋಡಿದವರೂ ಇದ್ದಾರೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವರ್ನ್ ಬೆಂಗ್ಟ್‌ಸನ್ ಎಂಬ ಸಮಾಜಶಾಸ್ತ್ರಜ್ಞರು 1970ರ ಸುಮಾರಿಗೆ ಅಧ್ಯಯನ ಶುರುಮಾಡಿ, ನೂರಾರು ಕುಟುಂಬಗಳನ್ನು ದಶಕಗಟ್ಟಲೆ ನೋಡುತ್ತಾ ಬಂದರು. ನಂಬಿಕೆ ಮುಂದಿನ ತಲೆಮಾರಿಗೆ ದಾಟುವುದರಲ್ಲಿ ಹೆತ್ತವರ ಜೊತೆಗಿನ ಆತ್ಮೀಯತೆ ಬಹಳ ಮುಖ್ಯ ಎಂದು ಕಂಡರು. ಅದರಲ್ಲೂ ಅಪ್ಪನ ಆತ್ಮೀಯತೆ. ಅಪ್ಪ ಎಷ್ಟೇ ದೈವಭಕ್ತನಾಗಿದ್ದರೂ ಮಕ್ಕಳಿಗೆ ದೂರದವನಾಗಿದ್ದರೆ ಆ ಭಕ್ತಿ ಕೊರತೆ ತುಂಬಿಕೊಡುವುದಿಲ್ಲ. ಅಜ್ಜ ಅಜ್ಜಿಯರ ಪಾಲೂ ದೊಡ್ಡದೇ. ಅದು ಅಮೆರಿಕದ ಮನೆಗಳ ಕತೆ ನಿಜ. ಆದರೆ ಪೌಲನು ಎಫೆಸದವರಿಗೆ ಬರೆದಾಗ, ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಎಂಬ ಮಾತನ್ನು ಯಾರಿಗೆ ಹೇಳಿದ? ತಂದೆಗಳಿಗೆ. ಹಿಂದಿನ ಬೆಂಚಿನಲ್ಲಿ ಕೂತ ಅಪ್ಪಂದಿರು ದಯವಿಟ್ಟು ಗಮನಿಸಿ.

ಈಗ ನಮ್ಮ ಮನೆಗಳಿಗೆ ಬರೋಣ. ಭಾನುವಾರ ಆರಾಧನೆ ಮುಗಿಸಿ ಮನೆಗೆ ಹೋಗುತ್ತೇವೆ. ಊಟಕ್ಕೆ ಕೋಳಿ ಸುಕ್ಕ. ಊಟದ ಜೊತೆ ಇನ್ನೇನು ಬಡಿಸುತ್ತೇವೆ? ಸಭಾಪಾಲಕರ ಪ್ರಸಂಗ ಉದ್ದವಾಯಿತು, ಕಮಿಟಿ ಎಲೆಕ್ಷನ್‌ಗೆ ಅವನು ನಿಲ್ಲುತ್ತಾನಂತೆ, ಸಭೆಯ ಜಾಗದ ಕೇಸು ಎಲ್ಲಿಗೆ ಬಂತು. ಮಕ್ಕಳು ತಲೆ ಬಗ್ಗಿಸಿ ಊಟ ಮಾಡುತ್ತಾರೆ, ಆದರೆ ಎಲ್ಲ ಕೇಳಿಸಿಕೊಳ್ಳುತ್ತಾರೆ. ಸಂಡೇ ಸ್ಕೂಲಿನಲ್ಲಿ ನಾನು ಒಂದು ಗಂಟೆ ಹೇಳಿದ್ದು ಆ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ. ಸಭೆಯಲ್ಲಿ ತಪ್ಪು ನಡೆದರೆ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳು ಮೂರ್ಖರಲ್ಲ, ಅವರಿಗೆ ಗೊತ್ತಾಗುತ್ತದೆ. ಆದರೆ ಆರಾಧನೆಯಲ್ಲಿ ನಿಮ್ಮ ಮನಸ್ಸಿಗೆ ತಟ್ಟಿದ ಒಂದು ಮಾತನ್ನೂ ಅದೇ ಊಟದ ಹೊತ್ತಿಗೆ ಹೇಳಿ ನೋಡಿ. ತಟ್ಟಿದ್ದು ಏನೂ ಇಲ್ಲದಿದ್ದರೆ, ಅದು ಬೇರೆ ಪ್ರಶ್ನೆ.

ಇನ್ನು ಮನೆಪ್ರಾರ್ಥನೆ. ಅದು ಇರಬೇಕು, ಚಿಕ್ಕದಾಗಿರಬೇಕು. ಹತ್ತು ನಿಮಿಷ ಸಾಕು. ಒಂದೇ ಒಂದು ವಿನಂತಿ, ಪ್ರಾರ್ಥನೆಯಲ್ಲಿ ಮಕ್ಕಳನ್ನು ಬೈಯಬೇಡಿ. ‘ಕರ್ತನೇ, ಈ ಹುಡುಗನಿಗೆ ಒಳ್ಳೆ ಬುದ್ಧಿ ಕೊಡು, ಮೊಬೈಲ್ ಬಿಡಿಸು, ಮ್ಯಾಥ್ಸ್‌ನಲ್ಲಿ ಮಾರ್ಕ್ಸ್ ಬರುವ ಹಾಗೆ ಮಾಡು.’ ನಗಬೇಡಿ, ಇದು ನಿಮ್ಮ ಮನೆಯಲ್ಲೂ ನಡೆಯುತ್ತದೆ! ಕಣ್ಣು ಮುಚ್ಚಿ ಕೂತ ಹುಡುಗನಿಗೆ ದೇವರು ಅಪ್ಪನ ಕಡೆಯ ವಕೀಲನ ಹಾಗೆ ಕಾಣುತ್ತಾನೆ. ಅದರ ಬದಲು ನಿಮ್ಮ ಪ್ರಾರ್ಥನೆ ಅವನಿಗೆ ಕೇಳಿಸಲಿ. ಆಫೀಸಿನಲ್ಲಿ ಯಾರ ಮೇಲೆ ಸಿಟ್ಟು ಬಂದಿದೆ, ಸಾಲದ ಚಿಂತೆ ಎಷ್ಟಿದೆ, ಯಾವುದಕ್ಕೆ ಹೆದರಿಕೆ. ನಮ್ಮ ಅಪ್ಪನೂ ಒಬ್ಬರ ಮುಂದೆ ಕೈಮುಗಿದು ಕೇಳುತ್ತಾರೆ ಅನ್ನುವುದು ಮಗುವಿಗೆ ದೊಡ್ಡ ಸುದ್ದಿ.

ಕಂಠಪಾಠದ ಬಗ್ಗೆ ಒಂದು ಮಾತು. ಈಗಿನವರು, ಮಕ್ಕಳಿಗೆ ಅರ್ಥವಾಗದ್ದನ್ನು ಬಾಯಿಪಾಠ ಮಾಡಿಸಬೇಡಿ ಅಂತಾರೆ. ನಾನು ಒಪ್ಪುವುದಿಲ್ಲ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂದು ಆರು ವರ್ಷಕ್ಕೆ ಕಲಿತದ್ದು ಆರು ವರ್ಷಕ್ಕೆ ಅರ್ಥವಾಗಬೇಕಿಲ್ಲ. ನಲವತ್ತಕ್ಕೆ ಐ.ಸಿ.ಯು. ಹೊರಗೆ ಕುರ್ಚಿಯ ಮೇಲೆ ಕೂತಾಗ ಬಾಯಿಗೆ ಬಂದರೆ ಸಾಕು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ನಮ್ಮ ಹಳೆಯ ಸತ್ಯವೇದದ ಕನ್ನಡ ಕಷ್ಟ, ನಿಜ. ಅವರು ಇಂಗ್ಲಿಷಿನಲ್ಲೇ ಕಲಿಯಲಿ, ಜಗಳ ಬೇಡ. ಆದರೆ 23ನೇ ಕೀರ್ತನೆಯ ಜೊತೆ 13ನೇ ಕೀರ್ತನೆಯನ್ನೂ ಕಲಿಸಿ. ‘ಕರ್ತನೇ, ಇನ್ನೆಷ್ಟು ಕಾಲ ನನ್ನನ್ನು ಮರೆಯುತ್ತೀ’ ಎಂದು ದೂರುವ ಕೀರ್ತನೆ ಅದು. ದೇವರ ಮೇಲೆ ಬೇಸರವಾದರೆ ದೇವರಿಗೇ ಹೇಳಬಹುದು ಎಂದು ಗೊತ್ತಿರುವ ಮಗು ಬೇಸರವಾದ ದಿನ ಎದ್ದು ಹೋಗುವುದಿಲ್ಲ. ಕಡೇಪಕ್ಷ ಅಷ್ಟು ಬೇಗ ಹೋಗುವುದಿಲ್ಲ.

ಟ್ಯೂಷನ್ ವಿಷಯ ಬೇಗ ಮುಗಿಸುತ್ತೇನೆ. ಹತ್ತನೇ ಕ್ಲಾಸು ಬಂತು ಅಂದರೆ ಭಾನುವಾರ ಬೆಳಗ್ಗೆ ಟ್ಯೂಷನ್, ಒಂದು ವರ್ಷ ಚರ್ಚಿಗೆ ರಜೆ. ಆಮೇಲೆ ಪಿ.ಯು.ಸಿ., ಆಮೇಲೆ ಸಿ.ಇ.ಟಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಮಗು ಅದನ್ನು ಚೆನ್ನಾಗಿ ಕಲಿತಿದೆ, ಅಷ್ಟೇ.

ಈಗ ಪ್ರಶ್ನೆಗಳು. ಧರ್ಮೋಪದೇಶಕಾಂಡ 6ನೇ ಅಧ್ಯಾಯ ನಮಗೆಲ್ಲ ಗೊತ್ತು. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿ ಅಂತ. ಅದೇ ಅಧ್ಯಾಯದ ಕೊನೆಗೆ ಬನ್ನಿ. ಮುಂದೆ ನಿನ್ನ ಮಗ, ಈ ವಿಧಿಗಳೆಲ್ಲ ಯಾಕೆ ಎಂದು ಕೇಳಿದರೆ ಏನು ಹೇಳಬೇಕು? ‘ಸುಮ್ನೆ ಹೇಳಿದ್ದು ಕೇಳು’ ಅಂತಲ್ಲ. ನಾವು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದೆವು, ಆತನು ಬಿಡಿಸಿದನು, ಎಂದು ಒಂದು ಕತೆ ಹೇಳಬೇಕು. ಮಗ ನಿಯಮದ ಬಗ್ಗೆ ಕೇಳುತ್ತಾನೆ, ಅಪ್ಪ ಮನೆತನದ ಕತೆ ಹೇಳುತ್ತಾನೆ.

ನಮ್ಮ ಮನೆತನದ ಕತೆ ನಮ್ಮ ಮಕ್ಕಳಿಗೆ ಗೊತ್ತಾ? ಶಾಲೆಯಲ್ಲಿ ಯಾರೋ ಕೇಳುತ್ತಾರೆ: ‘ನೀವು ಕನ್ವರ್ಟಾ? ನಿಮ್ಮ ಮುತ್ತಜ್ಜ ಅಕ್ಕಿಗೋಸ್ಕರ ಹೋದ್ರಂತೆ?’ ಮಗು ಅವಮಾನ ಪಟ್ಟುಕೊಂಡು ಮನೆಗೆ ಬರುತ್ತದೆ. ನಾವು ‘ಅವರಿಗೆ ಉತ್ತರ ಕೊಡಬೇಡ, ಸುಮ್ಮನಿರು’ ಅಂತೀವಿ. ಬೇಡ. ಕೂರಿಸಿಕೊಂಡು ಹೇಳಿ. ಕುಟುಂಬದಲ್ಲಿ ಮೊದಲು ಯಾರು ಬಂದರು, ಯಾಕೆ ಬಂದರು, ಏನು ಕಳೆದುಕೊಂಡರು, ಏನು ಸಿಕ್ಕಿತು. ಹಸಿವಿನಿಂದ ಬಂದಿದ್ದರೆ ಹಾಗೇ ಹೇಳಿ. ಮರ್ಯಾದೆ ಸಿಗುತ್ತದೆ ಎಂದು, ಅಕ್ಷರ ಸಿಗುತ್ತದೆ ಎಂದು ಬಂದಿದ್ದರೆ ಅದನ್ನೂ ಹೇಳಿ. ಯೋಹಾನ 6ರಲ್ಲಿ ರೊಟ್ಟಿ ಸಿಕ್ಕಿತು ಎಂದು ಜನ ಯೇಸು ಸ್ವಾಮಿಯನ್ನು ಹುಡುಕಿಕೊಂಡು ಬಂದರು. ಸ್ವಾಮಿ ಅದನ್ನು ಮುಖಕ್ಕೆ ಹೇಳಿದರು, ಆದರೆ ಮೊದಲು ಊಟ ಹಾಕಿದ್ದರು. ಹಸಿದು ಬಂದದ್ದರಲ್ಲಿ ನಾಚಿಕೆ ಏನಿದೆ? ಬಂದವರು ಯಾಕೆ ಉಳಿದರು ಅನ್ನುವುದು ಇನ್ನೂ ಒಳ್ಳೆಯ ಕತೆ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಸಂಡೇ ಸ್ಕೂಲಿನಲ್ಲಿ ಇದು ಬರುತ್ತಲೇ ಇರುತ್ತದೆ. ‘ನನ್ನ ಬೆಸ್ಟ್ ಫ್ರೆಂಡ್ ಹಿಂದೂ. ಅವಳು ನರಕಕ್ಕೆ ಹೋಗ್ತಾಳಾ?’ ಹತ್ತು ವರ್ಷದ ಮಗು ಕಣ್ಣಲ್ಲಿ ನೀರು ತಂದುಕೊಂಡು ಕೇಳುವಾಗ ದೊಡ್ಡ ಸಿದ್ಧಾಂತ ಹೇಳಲಾಗುವುದಿಲ್ಲ. ನಾನು ಹೇಳುವುದು ಇಷ್ಟು: ತೀರ್ಪು ದೇವರದು, ನಮ್ಮದಲ್ಲ. ಆತನು ನಿನಗಿಂತ ಜಾಸ್ತಿ ಅವಳನ್ನು ಪ್ರೀತಿಸುತ್ತಾನೆ. ದೀಪಾವಳಿಗೆ ಕರೆದರೆ ಹೋಗು, ಕ್ರಿಸ್ಮಸ್‌ಗೆ ಅವಳನ್ನು ಕರಿ. ನಿಮ್ಮಲ್ಲಿ ಕೆಲವರಿಗೆ ಈ ಉತ್ತರ ಸಾಲದು ಅನ್ನಿಸಬಹುದು. ಇರಲಿ. ಆದರೆ ಪಕ್ಕದ ಮನೆಯವರ ದೇವರನ್ನು ಹೀಗಳೆದು ಮಕ್ಕಳ ನಂಬಿಕೆ ಗಟ್ಟಿ ಮಾಡುವ ಕೆಲಸ ಮಾತ್ರ ಬೇಡ. ಕಾಲೇಜಿಗೆ ಹೋಗಿ ಒಳ್ಳೆಯ ಗೆಳೆಯರು ಸಿಕ್ಕ ಮೊದಲ ವರ್ಷವೇ ಅದು ಬಿದ್ದುಹೋಗುತ್ತದೆ.

ಅಜ್ಜಿಗಾಗಿ ಪ್ರಾರ್ಥನೆ ಮಾಡಿದೆವು, ಆದರೂ ಸತ್ತುಹೋದರು, ಯಾಕೆ? ಇದಕ್ಕೆ ‘ಗೊತ್ತಿಲ್ಲ ಮಗಾ, ನನಗೂ ಅಳು ಬರ್ತಾ ಇದೆ’ ಅನ್ನುವುದೇ ಸರಿಯಾದ ಉತ್ತರ. ನೋಹನ ನಾವೆಯಲ್ಲಿ ಡೈನೋಸಾರ್ ಇತ್ತಾ ಅಂದರೆ ಜೊತೆಯಲ್ಲಿ ಕೂತು ಓದಿ. ‘ಹಾಗೆಲ್ಲ ಕೇಳಬಾರದು’ ಅಂದರೆ ಮಗು ಕೇಳುವುದನ್ನು ನಿಲ್ಲಿಸುವುದಿಲ್ಲ, ನಿಮ್ಮನ್ನು ಕೇಳುವುದನ್ನು ನಿಲ್ಲಿಸುತ್ತದೆ. ಮೊಬೈಲ್ ಇದೆಯಲ್ಲ.

ಕೊನೆಗೆ ಕನ್ಫರ್ಮೇಶನ್. ಇಲ್ಲಿ ಸಭಾಪಾಲಕರು ಕೂತಿದ್ದಾರೆ, ಆದರೂ ಹೇಳುತ್ತೇನೆ. ವಯಸ್ಸಾಯಿತು ಅಂತ ಇಡೀ ಬ್ಯಾಚನ್ನು ನಿಲ್ಲಿಸಬೇಡಿ. ಬಿಳಿ ಬಟ್ಟೆ, ಬಿಷಪ್ಪರ ಜೊತೆ ಫೋಟೋ, ಮಧ್ಯಾಹ್ನ ಬಿರಿಯಾನಿ. ನೆಂಟರಿಗೆ ಹೇಳಿಯಾಗಿದೆ, ಇನ್ನು ಆ ಹುಡುಗ ಬೇಡ ಅನ್ನುವುದು ಹೇಗೆ? ಚಿಕ್ಕವನಿದ್ದಾಗ ದೀಕ್ಷಾಸ್ನಾನದಲ್ಲಿ ಅವನ ಪರವಾಗಿ ಹೆತ್ತವರು ಮಾತು ಕೊಟ್ಟರು. ಈಗ ಅವನು ಸ್ವಂತ ಬಾಯಿಂದ ಹೇಳಬೇಕಾದ ದಿನ ಇದು. ಅವನೇ ಬಂದು ಕೇಳುವವರೆಗೆ ಕಾಯಿರಿ. ಹದಿನೈದಕ್ಕೆ ಕೇಳಲಿ, ಇಪ್ಪತ್ತೆರಡಕ್ಕೆ ಕೇಳಲಿ. ಕ್ಲಾಸಿಗೆ ಎಲ್ಲರೂ ಬರಲಿ, ಮುಂದೆ ಬಂದು ನಿಲ್ಲುವುದು ಮಾತ್ರ ಬೇಕಾದವರು. ‘ನಾನಿನ್ನೂ ತಯಾರಿಲ್ಲ’ ಅಂದ ಹುಡುಗಿಯನ್ನು ಯಾರೂ ವಿಚಿತ್ರವಾಗಿ ನೋಡಬಾರದು. ಅವಳು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾಳೆ ಅಂತ ನನಗನಿಸುತ್ತದೆ.

ಯೋಹಾನ 4ರಲ್ಲಿ ಒಬ್ಬ ಹೆಂಗಸು ಬಾವಿಯ ಬಳಿ ಯೇಸು ಸ್ವಾಮಿಯನ್ನು ಕಂಡು ಊರಿಗೆಲ್ಲ ಹೇಳುತ್ತಾಳೆ. ಆಮೇಲೆ ಸಮಾರ್ಯದ ಆ ಊರಿನವರು ಅವಳಿಗೆ ಹೇಳುತ್ತಾರೆ: ಇನ್ನು ನಾವು ನಂಬುವುದು ನಿನ್ನ ಮಾತಿನಿಂದಲ್ಲ, ನಾವೇ ಕೇಳಿದ್ದೇವೆ. ಆ ಹೆಂಗಸಿಗೆ ಅವತ್ತು ಬೇಜಾರಾಗಿರಲಿಕ್ಕಿಲ್ಲ. ನಮ್ಮ ಮಕ್ಕಳು ಹಾಗಂದರೆ ನಮಗೆ ಯಾಕೋ ಸ್ವಲ್ಪ ಬೇಜಾರಾಗುತ್ತದೆ.

ಊಟಕ್ಕೆ ಇನ್ನೂ ಸ್ವಲ್ಪ ಸಮಯ ಇದೆಯಂತೆ. ಪ್ರಶ್ನೆ ಇದ್ದರೆ ಕೇಳಿ.

*ನನ್ನ ಗಂಡ ಚರ್ಚಿಗೆ ಬರುವುದಿಲ್ಲ. ನಾನೊಬ್ಬಳೇ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ನೀವು ಅಪ್ಪ ಅಪ್ಪ ಅಂದಾಗೆಲ್ಲ ನನಗೆ ಕಷ್ಟವಾಯಿತು.*

ನೀವು ಕೇಳಿದ್ದು ಒಳ್ಳೆಯದಾಯಿತು ಅಕ್ಕ. ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ತಂದೆ ಗ್ರೀಕನು ಅಂತಷ್ಟೇ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಅವನ ನಂಬಿಕೆಯ ಬಗ್ಗೆ ಒಂದು ಮಾತೂ ಇಲ್ಲ. ಪೌಲನು ನೆನಪಿಸಿಕೊಳ್ಳುವುದು ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು. ಹಾಗಾಗಿ ಒಬ್ಬರಿಂದ ಆಗುವುದಿಲ್ಲ ಅಂತೇನಿಲ್ಲ. ಮಕ್ಕಳ ಮುಂದೆ ಗಂಡನ ಭಕ್ತಿಯನ್ನು ಅಳೆಯಬೇಡಿ. ಅವರು ಮಕ್ಕಳ ಜೊತೆ ಆಟ ಆಡುತ್ತಾರಾ? ನಗುತ್ತಾರಾ? ಅದೂ ಮಕ್ಕಳಿಗೆ ಬೇಕಾದದ್ದೇ. ಸಭೆಯಲ್ಲಿ ಮಕ್ಕಳ ಹೆಸರು ಹಿಡಿದು ಕರೆದು ಮಾತಾಡಿಸುವ ಒಬ್ಬಿಬ್ಬರು ಹಿರಿಯರನ್ನು ಹುಡುಕಿಕೊಳ್ಳಿ. ಇಲ್ಲಿರುವ ಅಜ್ಜಂದಿರಿಗೆ ಈ ಕೆಲಸ ನಾನೇ ಈಗ ಕೊಡುತ್ತಿದ್ದೇನೆ.

*ಮಗಳು ಬೆಂಗಳೂರಿಗೆ ಹೋದ ಮೇಲೆ ಯಾವುದೋ ಇಂಗ್ಲಿಷ್ ಸಭೆಗೆ ಹೋಗುತ್ತಾಳೆ. ಗಿಟಾರ್, ಡ್ರಮ್ಸ್. ನಮ್ಮ ಸಭೆ ಬಿಟ್ಟಳಲ್ಲ ಅಂತ ನಮಗೆ ಬೇಸರ.*

ಭಾನುವಾರ ಬೆಳಗ್ಗೆ ಬೆಂಗಳೂರಿನಲ್ಲಿ ಮಲಗಿರುವ ಅವಕಾಶ ಇದ್ದೂ ಎದ್ದು ಹೋಗುತ್ತಾಳಲ್ಲ! ಯಾರೂ ನೋಡದ ಊರಿನಲ್ಲಿ. ನಾನಾದರೆ ಖುಷಿಪಡುತ್ತೇನೆ. ಬೇಸರ ತೋರಿಸಬೇಡಿ. ಫೋನಿನಲ್ಲಿ ‘ಈ ವಾರ ಏನು ಹೇಳಿದರು?’ ಅಂತ ಕೇಳಿ. ಅಲ್ಲಿಗೆ ಹೋದಾಗ ನೀವೂ ಒಂದು ದಿನ ಜೊತೆಗೆ ಹೋಗಿ. ಡ್ರಮ್ಸ್ ಜೋರಾಗಿದ್ದರೆ ಹಿಂದೆ ಕೂತುಕೊಳ್ಳಿ. ಅಲ್ಲಿನ ಬೋಧನೆಯಲ್ಲಿ ಏನಾದರೂ ಅನುಮಾನ ಬಂದರೆ, ಹೋಗಿ ನೋಡಿ ಬಂದವರ ಮಾತಿಗೆ ಅವಳು ಕಿವಿಗೊಡುತ್ತಾಳೆ.

*ಮಗ ಚರ್ಚು, ಪ್ರಾರ್ಥನೆ ಎಲ್ಲ ಬಿಟ್ಟಿದ್ದಾನೆ. ನಂಬಿಕೆಯಿಲ್ಲ ಅಂತ ನೇರವಾಗಿ ಹೇಳಿದ. ಮುಂದಿನ ವಾರ ರಜೆಗೆ ಬರುತ್ತಿದ್ದಾನೆ. ನಾನು ಏನು ಮಾಡಲಿ?*

ಅವನು ನಿಮಗೆ ನೇರವಾಗಿ ಹೇಳಿದ. ಎಷ್ಟೋ ಮಕ್ಕಳು ಹೇಳುವುದೇ ಇಲ್ಲ ಅಕ್ಕ, ಊರಿಗೆ ಬಂದಾಗ ಸುಮ್ನೆ ಚರ್ಚಿಗೆ ಬಂದು ಕೂತು ಹೋಗುತ್ತಾರೆ. ನಿಮ್ಮ ಮೇಲೆ ಅವನಿಗೆ ಭರವಸೆ ಇದೆ, ಅದನ್ನು ಕಾಪಾಡಿಕೊಳ್ಳಿ. ಬೆಳಗ್ಗೆ ಐದಕ್ಕೆ ವಾಟ್ಸಾಪ್‌ನಲ್ಲಿ ವಚನ ಕಳಿಸುವುದಿದ್ದರೆ ನಿಲ್ಲಿಸಿ. ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಹೇಳಿ ಬುದ್ಧಿ ಹೇಳಿಸಬೇಡಿ. ಹಾಗೆಯೇ ಅವನಿಗಾಗಿ ನಿಮ್ಮ ಭಕ್ತಿಯನ್ನು ಅಡಗಿಸಿಡಲೂ ಬೇಡಿ. ರಾತ್ರಿ ಪ್ರಾರ್ಥನೆ ಇದ್ದ ಹಾಗೇ ನಡೆಯಲಿ. ಅವನು ಕೂತರೆ ಕೂರಲಿ, ಎದ್ದು ಹೋದರೆ ಹೋಗಲಿ. ಭಾನುವಾರ ‘ನಾವು ಹೊರಡ್ತೀವಿ, ಬರ್ತೀಯಾ?’ ಅಂತ ಒಂದೇ ಸಲ ಕೇಳಿ. ಬರಲ್ಲ ಅಂದರೆ ತಿಂಡಿ ಎಲ್ಲಿದೆ ಅಂತ ಹೇಳಿ ಹೊರಡಿ. ನಂಬಿಕೆಯ ವಿಷಯ ಅವನೇ ಎತ್ತಿದರೆ ಉತ್ತರ ಕೊಡಲು ಅವಸರ ಮಾಡಬೇಡಿ. ಯಾವುದನ್ನು ನಂಬಲಾಗುತ್ತಿಲ್ಲ, ಯಾವಾಗಿನಿಂದ, ಏನಾಯಿತು, ಇಷ್ಟು ಕೇಳಿ. ಅವನು ಪೂರ್ತಿ ಹೇಳಿ ಮುಗಿಸಲಿ.